ಶಿರಸಿಗೆ ವರ್ಗವಾಗಿ ಬರುವವರಿಗೆ: ಊರಿನ ನೆಲ, ಮಳೆ, ಮನೆ, ನೀರು, ಘಟ್ಟದ ದಾರಿ

ಬಯಲುಸೀಮೆ ಮೇಷ್ಟ್ರು:
ಎಲ್ಲರಿಗೂ ನಮಸ್ಕಾರ್ರಿ. ಗದಗದಿಂದ ಶಿರಸಿಗೆ ವರ್ಗ ಆಗೇತ್ರಿ. ನಾವು ಐದು ಮಂದಿ, ಅದರಾಗ ಅವ್ವಗ ವಯಸ್ಸಾಗೇತಿ, ಮೊಣಕಾಲು ನೋವು ಐತಿ. ಬಾಡಿಗಿ ಮನಿ ಯಾವ ಕಡೆ ನೋಡಬೇಕು, ಏನೇನು ಪರೀಕ್ಷೆ ಮಾಡಿ ತಗೋಬೇಕು, ನೀರು, ಕರೆಂಟು ಹೆಂಗ, ಕಾರವಾರಕ್ಕ ಹೋಗೋ ದಾರಿ ಹೆಂಗ, ಬಲ್ಲವರು ಬರೀರಿ. ನೋಡೋ ಜಾಗಾದ ಪಟ್ಟಿ ಬ್ಯಾಡ್ರಿ, ದಿನಾ ಬದುಕಾಕ ಬೇಕಾದ್ದು ತಿಳಿಸ್ರಿ.

ಘಟ್ಟದಂಚು:
ಮೇಷ್ಟ್ರೇ, ಮೊದಲು ಊರು ಕೂತ ಜಾಗ ತಿಳಿದುಕೊಳ್ಳಿ. ಶಿರಸಿ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ, ಘಟ್ಟ ಹತ್ತಿ ಸ್ವಲ್ಪವೇ ಒಳಗೆ ಇದೆ. ಪೇಟೆಯೊಳಗಿನ ಶಂಕರಹೊಂಡ ಅಘನಾಶಿನಿಯ ಒಂದು ಮೂಲ, ಇನ್ನೊಂದು ಮಂಜುಗುಣಿ ಕಡೆಯದು. ಆ ಹೊಳೆ ಉಂಚಳ್ಳಿಯಲ್ಲಿ 116 ಮೀಟರ್ ಧುಮುಕಿ, ಎಲ್ಲೂ ಅಣೆಕಟ್ಟಿಗೆ ಸಿಗದೆ ತದಡಿ ಹತ್ತಿರ ಕಡಲು ಸೇರುತ್ತದೆ. ಸೋಂದಾ ಕಡೆಯ ಶಾಲ್ಮಲಾ ನೀರು ಬೇಡ್ತಿಗೆ ಹೋಗುತ್ತದೆ. ಬೇಡ್ತಿಯೇ ಕೆಳಗಿಳಿದು ಗಂಗಾವಳಿ. ಪೂರ್ವಕ್ಕೆ ಇಪ್ಪತ್ತು ಚಿಲ್ಲರೆ ಕಿ.ಮೀ. ಹೋದರೆ ಬನವಾಸಿ. ಅಲ್ಲಿಯ ವರದಾ ನದಿ ತುಂಗಭದ್ರೆಗೆ ಸೇರಿ ಕೊನೆಗೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಒಂದೇ ತಾಲೂಕಿನ ಮಳೆ ಎರಡು ಕಡಲಿಗೆ ಹಂಚಿಹೋಗುತ್ತದೆ ಅಂದಂತಾಯಿತು.

ಮಳೆಯೂ ಹಾಗೇ ಒಡೆದುಕೊಂಡಿದೆ. ಪೇಟೆಯಲ್ಲಿ ವರ್ಷಕ್ಕೆ ಸುಮಾರು 2500 ಮಿ.ಮೀ. ಪಶ್ಚಿಮಕ್ಕೆ ದೇವನಳ್ಳಿ, ವಾನಳ್ಳಿ, ರಾಗಿಹೊಸಳ್ಳಿ ಕಡೆ ಅದಕ್ಕಿಂತ ಬಹಳ ಹೆಚ್ಚು. ಪೂರ್ವಕ್ಕೆ ಬನವಾಸಿ, ದಾಸನಕೊಪ್ಪ ಕಡೆ ಬಂದರೆ ಬಹಳ ಕಡಿಮೆ. ಅಲ್ಲಿ ಭತ್ತ, ಜೋಳ, ಅನಾನಸು, ಶುಂಠಿ. ಇಲ್ಲಿ ಅಡಿಕೆ, ಕಾಳುಮೆಣಸು, ಏಲಕ್ಕಿ. ಯಾರಾದರೂ ‘ಶಿರಸಿಯಲ್ಲಿ ಮಳೆ ಹಿಂಗೆ’ ಅಂದರೆ ಯಾವ ದಿಕ್ಕಿನವರು ಅಂತ ಕೇಳಿ. ನಿಮ್ಮ ಕೆಲಸದ ಜಾಗ ಬನವಾಸಿ ರಸ್ತೆಯಲ್ಲಿದ್ದರೆ ಅರ್ಧ ಚಿಂತೆ ಬಿಡಬಹುದು, ಕುಮಟಾ ರಸ್ತೆಯಲ್ಲಿದ್ದರೆ ಇಮ್ಮಡಿ ತಯಾರಿ ಬೇಕು.

ಹೊತ್ತು ಲೆಕ್ಕ ಹಾಕುವುದು ಇಲ್ಲಿ ಮಳೆ ನಕ್ಷತ್ರದಲ್ಲಿ. ಜೂನ್ 7-8ಕ್ಕೆ ಮೃಗಶಿರ, 21-22ಕ್ಕೆ ಆರಿದ್ರಾ, ಜುಲೈ ಮೊದಲ ವಾರ ಪುನರ್ವಸು, 20ರ ಸುಮಾರಿಗೆ ಪುಷ್ಯ, ಆಗಸ್ಟ್ ಆರಂಭಕ್ಕೆ ಆಶ್ಲೇಷ. ಆರಿದ್ರಾದಿಂದ ಪುಷ್ಯ ಮುಗಿಯುವವರೆಗೆ ದಿನಗಟ್ಟಲೆ ಬಿಸಿಲು ಕಾಣದೆ ಇರುವುದು ಮಾಮೂಲು.

ಹೆಂಚಿನ ಮಾಡು:
ಮನೆ ನೋಡುವುದು ಮೇ ತಿಂಗಳಲ್ಲಿ ಅಂದರೆ ಅತಿ ಮೋಸದ ಕಾಲ. ಎಲ್ಲ ಮನೆಯೂ ಒಣಗಿ ಗರಿಗರಿ ಇರುತ್ತದೆ, ಹೊಸ ಸುಣ್ಣ ಬಣ್ಣ ಬೇರೆ. ಹಾಗಾಗಿ ಗುರುತು ಹುಡುಕಬೇಕು.

ಮೊದಲು ಗೋಡೆಯ ಬುಡ. ನೆಲದಿಂದ ಒಂದೆರಡು ಅಡಿ ಎತ್ತರಕ್ಕೆ ಬಣ್ಣ ಉಬ್ಬಿದ್ದರೆ, ಬಿಳಿ ಪುಡಿ ಉದುರುತ್ತಿದ್ದರೆ ಮಳೆಗಾಲದಲ್ಲಿ ಗೋಡೆ ನೀರು ಹೀರುತ್ತದೆ. ಎರಡನೆಯದು ಪಶ್ಚಿಮದ ಗೋಡೆ. ಮಳೆ ಗಾಳಿ ಬರುವುದು ಪಶ್ಚಿಮ, ನೈಋತ್ಯದಿಂದ. ಆ ಕಡೆ ಮಾಡು ಮೂರಡಿಯಾದರೂ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ಎರಚಲು ನೇರ ಗೋಡೆಗೆ. ಹಳೇ ಮನೆಗಳಿಗೆ ಆ ಬದಿಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದುದು ಇದಕ್ಕೇ, ಈಗ ತಗಡೋ ಹಸಿರು ನೆಟ್ಟೋ ಹಾಕುತ್ತಾರೆ. ಮೂರನೆಯದು ಗೋಡೆಯೊಳಗಿನ ಕಪಾಟು. ಬಾಗಿಲು ತೆಗೆದು ಮುಖ ಒಳಗಿಟ್ಟು ಮೂಸಿ ನೋಡಿ. ಬೂಷ್ಟಿನ ವಾಸನೆ ಮೇ ತಿಂಗಳಲ್ಲೂ ಪೂರ್ತಿ ಹೋಗುವುದಿಲ್ಲ.

ಮನೆಯ ಹಿಂದೆ ಧರೆ ಕಡಿದಿದ್ದಾರೆಯೇ ನೋಡಿ, ಇದು ಎಲ್ಲಕ್ಕಿಂತ ಮುಖ್ಯ. ಇಳಿಜಾರು ಕಡಿದು ಸಮತಟ್ಟು ಮಾಡಿದ ಜಾಗದಲ್ಲಿ ಹಿಂದಿನ ಮಣ್ಣು ನೆಟ್ಟಗೆ ನಿಂತಿರುತ್ತದೆ. ಧರೆಯ ಎತ್ತರದಷ್ಟಾದರೂ ದೂರದಲ್ಲಿ ಗೋಡೆ ಇರಬೇಕು. ಮೇಲ್ಗಡೆ ಅಗಳ ತೋಡಿ ನೀರು ಪಕ್ಕಕ್ಕೆ ತಿರುಗಿಸಿರಬೇಕು. ಅಗಳ ಇಲ್ಲ, ಧರೆಯ ಬುಡದಲ್ಲಿ ಮನೆ ಅಂಟಿಕೊಂಡಿದೆ ಅಂದರೆ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ಬೇಡ. ಅಂಥ ಮನೆಯ ನೆಲದಲ್ಲಿ ಜಲವೂ ಏಳುತ್ತದೆ. ಸಂದಿಯಿಂದ ತಣ್ಣನೆ ನೀರು ಒಸರುವುದು ಆರಿದ್ರಾದಲ್ಲಿ ಶುರುವಾದರೆ ಸೆಪ್ಟೆಂಬರ್ ತನಕ ನಿಲ್ಲುವುದಿಲ್ಲ. ತಾಯಿಯವರ ಮೊಣಕಾಲಿಗೆ ಅದು ಕೂಡದು.

ಬಯಲುಸೀಮೆ ಮೇಷ್ಟ್ರು:
ಸ್ಲ್ಯಾಬ್ ಹಾಕಿದ ಮನಿ ಮ್ಯಾಲ ಮತ್ತ ತಗಡಿನ ಮಾಡು ಹಾಕ್ಯಾರಲ್ರಿ, ಅದು ಯಾಕ? ಮತ್ತ ಪ್ಯಾಟ್ಯಾಗ ಯಾವ ಕಡೆ ಹುಡುಕೋದು?

ಹೆಂಚಿನ ಮಾಡು:
ಸ್ಲ್ಯಾಬು ಸಣ್ಣ ಬಿರುಕು ಬಿಟ್ಟರೂ ನಾಲ್ಕು ತಿಂಗಳು ನಿಂತ ನೀರು ಒಳಗಿಳಿಯುತ್ತದೆ, ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ ಗಾರೆ ಉದುರುತ್ತದೆ. ಮೇಲೆ ತಗಡು ಹಾಕಿದರೆ ಆ ಚಿಂತೆ ಇಲ್ಲ. ಜೊತೆಗೆ ಮಳೆಗಾಲದಲ್ಲಿ ಬಟ್ಟೆ ಒಣಗಿಸಲು ಒಂದು ಅಟ್ಟ ಸಿಕ್ಕ ಹಾಗೆ. ಅಂಥ ಮನೆ ಸಿಕ್ಕರೆ ಬಿಡಬೇಡಿ. ಆದರೆ ಮೇಲಿನ ಜಾಗ ಬಾಡಿಗೆದಾರರಿಗೆ ಬಳಸಲು ಸಿಗುತ್ತದೆಯೇ ಮೊದಲೇ ಕೇಳಿ. ಮಾಲೀಕರಿಗೆ ತೋಟವಿದ್ದರೆ ಅಡಿಕೆ ಹರವಲು ಅದು ಅವರಿಗೇ ಬೇಕು.

ಜಾಗದ ವಿಷಯ. ಪೇಟೆ ಏರು ತಗ್ಗಿನದು. ದೇವಿಕೆರೆ, ಬಿಡಕಿಬೈಲು, ಸಿ.ಪಿ. ಬಜಾರ್, ಶಿವಾಜಿ ಚೌಕ ಸುತ್ತಮುತ್ತ ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತದೆ, ಬಾಡಿಗೆ ಜಾಸ್ತಿ, ಗಾಡಿ ನಿಲ್ಲಿಸಲು ಕಷ್ಟ. ಮರಾಠಿಕೊಪ್ಪ, ಅಯ್ಯಪ್ಪ ನಗರ, ನಿಲೇಕಣಿ, ಚಿಪಗಿ ಕಡೆ ಹೊಸ ಮನೆಗಳಿವೆ. ವಯಸ್ಸಾದವರಿಗೆ ರಸ್ತೆ ಮಟ್ಟಕ್ಕೇ ಬಾಗಿಲಿರುವ ಮನೆ ನೋಡಿ. ಹತ್ತು ಮೆಟ್ಟಿಲು ಹತ್ತಿ ಅಂಗಳ ಸೇರುವ ಮನೆಯಲ್ಲಿ ಜುಲೈ ಹೊತ್ತಿಗೆ ಮೆಟ್ಟಿಲಿಗೆ ಹಾವಸೆ ಕಟ್ಟಿ ಜಾರುತ್ತದೆ. ಹಾವಸೆಗೆ ಬ್ಲೀಚಿಂಗ್ ಪುಡಿ ಚೆಲ್ಲಿ ಗಟ್ಟಿ ಪೊರಕೆಯಲ್ಲಿ ತಿಕ್ಕಬೇಕು, ಎರಡು ವಾರಕ್ಕೊಮ್ಮೆ ಇದ್ದದ್ದೇ.

ಸಂಕದಾಚೆ:
ನೀರಿನ ಬಗ್ಗೆ ಬರೆಯುತ್ತೇನೆ. ಇಷ್ಟು ಮಳೆಯ ಊರಲ್ಲಿ ನೀರಿನ ತಾಪತ್ರಯವೇ ಅಂತ ಬಯಲುಸೀಮೆಯವರಿಗೆ ಅನಿಸುತ್ತದೆ. ಇದೆ, ಏಪ್ರಿಲ್ ಮೇ ತಿಂಗಳಲ್ಲಿ ಖಂಡಿತ ಇದೆ. ನಗರಸಭೆಯ ನಳದ ನೀರು ಕೆಂಗ್ರೆ ಮತ್ತು ಮಾರಿಗದ್ದೆಯಿಂದ ಬರುತ್ತದೆ. ಎರಡೂ ಮೇಲ್ದಂಡೆಯ ಹೊಳೆ ನೀರು, ದೊಡ್ಡ ಸಂಗ್ರಹ ಇಲ್ಲ. ಫೆಬ್ರವರಿ ನಂತರ ಹರಿವು ಇಳಿದರೆ ನಳ ಬಿಡುವ ಸರದಿ ಉದ್ದವಾಗುತ್ತದೆ. ಜಂಬಿಟ್ಟಿಗೆ ನೆಲ ನೀರನ್ನು ಹೀರಿದಷ್ಟೇ ಬೇಗ ಕೆಳಗಿನ ಹಳ್ಳಕ್ಕೆ ಬಿಟ್ಟುಕೊಡುತ್ತದೆ. ಹಾಗಾಗಿ ಗುಡ್ಡದ ಮೇಲಿನ ಬಾವಿ ಬೇಗ ತಳ ಕಾಣುತ್ತದೆ, ತಗ್ಗಿನ ಬಾವಿಯಲ್ಲಿ ಮೇ ತನಕ ನೀರಿರುತ್ತದೆ.

ಐದು ಮಂದಿಗೆ ಹಿಡಿದು ಬಳಸಿದರೆ ದಿನಕ್ಕೆ 500 ಲೀಟರ್. ಮೂರು ದಿನಕ್ಕೊಮ್ಮೆ ನಳ ಅಂತ ಲೆಕ್ಕ ಹಿಡಿದರೂ 1500 ಲೀಟರಿನ ಟ್ಯಾಂಕ್ ಬೇಕು. ಮನೆಗೆ ಬಾವಿಯೂ ಇದೆಯೇ, ಮೇ ತಿಂಗಳಲ್ಲಿ ಅದರಲ್ಲಿ ಎಷ್ಟು ನೀರಿದೆ ನೋಡಿ. ಮೇ ನೋಡುವುದಕ್ಕೆ ಒಳ್ಳೆಯ ಕಾಲ ಆಗುವುದು ಬಾವಿಯ ವಿಷಯದಲ್ಲಿ ಮಾತ್ರ.

ಮಳೆ ಶುರುವಾದ ಮೊದಲ ವಾರ ಬಾವಿ ನೀರು ಕೆಂಪಾಗುತ್ತದೆ, ಸುತ್ತಲಿನ ಕೊಳೆ ಇಳಿಯುತ್ತದೆ. ಬ್ಲೀಚಿಂಗ್ ಪುಡಿ ಸಾವಿರ ಲೀಟರಿಗೆ 2.5 ಗ್ರಾಂ. ಬಾವಿಯ ಅಡ್ಡಗಲ 2 ಮೀಟರ್, ನೀರು 4 ಮೀಟರ್ ಇದ್ದರೆ ಸುಮಾರು 12,500 ಲೀಟರ್. ಅಂದರೆ 30 ಗ್ರಾಂ ಚಿಲ್ಲರೆ. ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ತಳಕ್ಕೆ ಕೂರಲು ಬಿಟ್ಟು, ಮೇಲಿನ ತಿಳಿಯನ್ನು ಮಾತ್ರ ಕೊಡಪಾನದಲ್ಲಿ ಇಳಿಸಿ ಬಾವಿಯಲ್ಲಿ ಎತ್ತಿ ಇಳಿಸಿ ಮಾಡಿ. ಕನಿಷ್ಠ ಒಂದು ತಾಸು ನೀರು ಎತ್ತಬೇಡಿ. ಪುಡಿಯ ಪೊಟ್ಟಣ ಒಮ್ಮೆ ಒಡೆದಿಟ್ಟರೆ ಇಲ್ಲಿಯ ತೇವಕ್ಕೆ ಸತ್ವ ಹೋಗುತ್ತದೆ, ಹೋದ ವರ್ಷದ್ದು ಹಾಕಿ ಉಪಯೋಗವಿಲ್ಲ. ಕುಡಿಯುವುದನ್ನು ಏನಿದ್ದರೂ ಕುದಿಸಿ.

ಮಾಡಿನ ನೀರನ್ನು ಬಿಡಬೇಡಿ. ಸಾವಿರ ಚದರಡಿ ಮಾಡಿನ ಮೇಲೆ 2500 ಮಿ.ಮೀ. ಬಿದ್ದರೆ 2 ಲಕ್ಷ ಲೀಟರಿಗೂ ಮಿಕ್ಕಿ. ಪೂರ್ತಿ ಹಿಡಿಯಲು ಯಾರಿಗೂ ಆಗದು, ಆದರೆ ಮೊದಲೆರಡು ಜೋರು ಮಳೆ ಬಿಟ್ಟು ಆಮೇಲಿನದನ್ನು ಬಟ್ಟೆ ಸೋಸಿ ಡ್ರಮ್ಮಿಗೆ ತಿರುಗಿಸಿದರೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೊಳೆಯುವ ಬಳಿಯುವ ನೀರಿಗೆ ನಳ ಬೇಡ. ಉಳಿದದ್ದನ್ನು ಇಂಗುಗುಂಡಿಗೆ ಬಿಡಿ. ಧರೆಯ ತಲೆ ಮೇಲೆ ಮಾತ್ರ ಇಂಗುಗುಂಡಿ ತೋಡಬಾರದು, ನೆನೆದ ಮಣ್ಣು ಕೆಳಗಿನವರ ಮನೆ ಮೇಲೆ ಕೂರುತ್ತದೆ.

ಚಾಲಿ ಅಟ್ಟ:
ಸಂಕದಾಚೆಯವರ ಮಾತಿಗೆ ಒಂದು ಸೇರಿಸಬೇಕು. ಮನೆ ತೋಟದ ಅಂಚಿನಲ್ಲಿದ್ದರೆ, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತು, ಸುಣ್ಣ ಬೆರೆಸಿದ ಔಷಧಿ) ಹೊಡೆಯುವ ದಿನ ಬಾವಿಗೂ ಡ್ರಮ್ಮಿಗೂ ತಾಡಪಾಲು ಮುಚ್ಚಿ. ಮೊದಲ ಹೊಡೆತ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು ಬಿಸಿಲಿನ ಹೊಳವು ಸಿಕ್ಕಾಗ. ಒಂದು ಕೆ.ಜಿ. ಮೈಲುತುತ್ತು 50 ಲೀಟರ್ ನೀರಲ್ಲಿ, ಒಂದು ಕೆ.ಜಿ. ಸುಣ್ಣ ಇನ್ನು 50 ಲೀಟರಲ್ಲಿ, ತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿದು ಕದಡುತ್ತಾರೆ. ಕಬ್ಬಿಣದ ಕತ್ತಿ ಅದ್ದಿದಾಗ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ. ತೆಳುವಾಗಿ ಹಾರುವ ಈ ನೀಲಿ ನೀರು ಮಾಡಿನ ಮೇಲೂ ಕೂರುತ್ತದೆ, ಮರುದಿನದ ಮಾಡಿನ ನೀರು ಹಿಡಿಯಬೇಡಿ.

ಊರಿನ ಗಡಿಯಾರ ತಿರುಗುವುದೂ ಅಡಿಕೆಯ ಮೇಲೆಯೇ. ಕೊನೆಕೊಯ್ಲು ನವೆಂಬರಿನಿಂದ ಫೆಬ್ರವರಿ. ಹಸಿ ಕಾಯಿ ಸುಲಿದು ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ರಸ) ಬೇಯಿಸಿ ಒಣಗಿಸಿದರೆ ರಾಶಿ, ಹಣ್ಣಡಿಕೆಯನ್ನು ಸಿಪ್ಪೆ ಸಮೇತ 40-45 ದಿನ ಬಿಸಿಲಿಗಿಟ್ಟು ಸುಲಿದರೆ ಚಾಲಿ. ಆ ತಿಂಗಳುಗಳಲ್ಲಿ ಕೂಲಿಗೆ, ಮನೆ ರಿಪೇರಿಗೆ, ಸಾಮಾನು ಸಾಗಿಸಲು ಜನ ಸಿಗುವುದಿಲ್ಲ. ಪ್ಲಂಬರ್ ಕೆಲಸವೋ ಹೆಂಚು ಕೈಯಾಡಿಸುವುದೋ ಇದ್ದರೆ ಏಪ್ರಿಲ್‌ನಲ್ಲಿ ಮುಗಿಸಿ. ಮಾರುಕಟ್ಟೆ ಎಪಿಎಂಸಿ ಮತ್ತು ಸಹಕಾರ ಸಂಘಗಳಲ್ಲಿ ಟೆಂಡರಿನ ಮೂಲಕ. ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದೇ 1923ರಲ್ಲಿ. ‘ಶಿರಸಿ ಸುಪಾರಿ’ಗೆ 2019ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿತು.

ರಸ್ತೆ ಬದಿ ಕಾಡಿನಂತೆ ಕಾಣುವುದೆಲ್ಲ ಕಾಡಲ್ಲ. ಬಹಳಷ್ಟು ಸೊಪ್ಪಿನ ಬೆಟ್ಟ, ಒಂದು ಎಕರೆ ತೋಟಕ್ಕೆ 9 ಎಕರೆ ತನಕ ಸೊಪ್ಪು, ದರಕು (ಒಣಗಿದ ಎಲೆ) ತರುವ ಹಕ್ಕನ್ನು ತೋಟದವರಿಗೆ ಕೊಟ್ಟ ಜಾಗ. ಮಕ್ಕಳನ್ನು ಕರೆದುಕೊಂಡು ಹೋಗಿ ಒಣಗಿದ್ದೆಂದು ಕಟ್ಟಿಗೆ ಆರಿಸಬೇಡಿ, ಅದು ಒಬ್ಬರ ತೋಟದ ಗೊಬ್ಬರ.

ದೇವಿಮನೆ ತಿರುವು:
ದಾರಿಯ ಲೆಕ್ಕ ಹೀಗೆ. ಕುಮಟಾಕ್ಕೆ ದೇವಿಮನೆ ಘಟ್ಟ, ಸುಮಾರು 60 ಕಿ.ಮೀ., ರಾಷ್ಟ್ರೀಯ ಹೆದ್ದಾರಿ 766ಇ. ಅಲ್ಲಿಂದ ಅಂಕೋಲಾ ಮೇಲೆ ಕಾರವಾರಕ್ಕೆ ಒಟ್ಟು ಸುಮಾರು 120. ಹತ್ತಿರದ್ದು ಇದೇ. ಆದರೆ ಇದಕ್ಕೆ ಎರಡು ಕಡೆ ಉಸಿರು ಕಟ್ಟುತ್ತದೆ. ಒಂದು, ರಾಗಿಹೊಸಳ್ಳಿಯಿಂದ ಘಟ್ಟ ಇಳಿಯುವ ತನಕ ರಸ್ತೆ ಅಗಲಿಸಲು ಕಡಿದ ಧರೆ. ಇನ್ನೊಂದು, ಘಟ್ಟ ಇಳಿದು ಕತಗಾಲದ ಹತ್ತಿರ ಚಂಡಿಕಾ ಹೊಳೆ ಉಕ್ಕಿ ರಸ್ತೆ ಮೇಲೆ ಬರುವುದು. ಮೇಲೆ ಮಳೆ ನಿಂತರೂ ಕೆಳಗೆ ನೀರು ಇಳಿಯಲು ತಾಸುಗಟ್ಟಲೆ ಬೇಕು. ಹೊರಡುವ ಮೊದಲು ಶಿರಸಿಯ ಆಕಾಶ ನೋಡಿ ಸಾಲದು, ಕತಗಾಲದ ಸುದ್ದಿ ಕೇಳಿ.

ಅದು ಬಂದ್ ಆದರೆ ಯಲ್ಲಾಪುರಕ್ಕೆ ಹೋಗಿ ಅರಬೈಲ್ ಘಟ್ಟ ಇಳಿದು ಅಂಕೋಲಾ. ಸುತ್ತು ಮೂವತ್ತು ನಲವತ್ತು ಕಿ.ಮೀ., ಲಾರಿಗಳ ಸಾಲು ಹೆಚ್ಚು, ರಸ್ತೆ ಅಗಲ. ಸಿದ್ದಾಪುರದಿಂದ ದೊಡ್ಮನೆ ಘಟ್ಟ, ಯಾಣದ ಮಗ್ಗುಲಿನ ವಡ್ಡಿ ಘಟ್ಟ ಎರಡೂ ಕಿರಿದು. ಬೇಸಿಗೆಯಲ್ಲಿ ಸಣ್ಣ ಕಾರಿಗೆ ಆದೀತು, ಜುಲೈಯಲ್ಲಿ ಹೊಸಬರು ಆ ದಾರಿ ಹಿಡಿಯಬಾರದು. ಎದುರು ಬಸ್ಸು ಬಂದರೆ ಹಿಂದಕ್ಕೆ ತೆಗೆಯಲು ಜಾಗವೇ ಇಲ್ಲದ ತಿರುವುಗಳಿವೆ.

ಇಳಿಯುವಾಗ ಯಾವ ಗೇರಿನಲ್ಲಿ ಹತ್ತುತ್ತೀರೋ ಅದೇ ಗೇರು, ಎರಡು ಅಥವಾ ಮೂರು. ಬ್ರೇಕ್ ಒತ್ತಿಕೊಂಡೇ ಇಳಿದರೆ ಪ್ಯಾಡು ಕಾದು ಹಿಡಿತ ಹೋಗುತ್ತದೆ, ಪೆಡಲು ಮೆತ್ತಗಾಗುವುದು ಅದರ ಮೊದಲ ಸೂಚನೆ. ಆಗ ಅಗಲವಾದ ಕಡೆ ನಿಲ್ಲಿಸಿ ಕಾಲು ತಾಸು ಆರಲು ಬಿಡಿ, ಚಕ್ರಕ್ಕೆ ನೀರು ಹೊಯ್ಯಬೇಡಿ. ಮಂಜು ಕವಿದರೆ ಲೈಟು ಡಿಮ್ಮಿನಲ್ಲಿ ಇರಲಿ, ಮೇಲಕ್ಕೆತ್ತಿದರೆ ಮಂಜೇ ಬೆಳ್ಳಗಾಗಿ ಕಣ್ಣು ಕಟ್ಟುತ್ತದೆ. ಧರೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಚಹಾ ಕುಡಿಯುವುದು ಬೇಡವೇ ಬೇಡ. ಸಣ್ಣ ಕಲ್ಲು ಉದುರುವುದು, ಕೆಂಪು ನೀರು ಹೊಸದಾಗಿ ಧುಮುಕುವುದು, ಮರ ವಾಲಿರುವುದು ಕಂಡರೆ ತಿರುಗಿ ಬನ್ನಿ.

ಕಡಲ ಕಡೆಯವ:
ಕೆಳಗಿನ ತುಂಡಿನ ಬಗ್ಗೆಯೂ ಗೊತ್ತಿರಲಿ. ಕುಮಟಾದಿಂದ ಕಾರವಾರದ ತನಕ ಗುಡ್ಡ ಕಡಲಿಗೇ ಬಂದು ತಾಗುತ್ತದೆ, ಹೆದ್ದಾರಿ 66 ಅದರ ಸಂದಿಯಲ್ಲಿ ನುಸುಳುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ರಸ್ತೆ ಮೇಲಿನವರನ್ನು ಗಂಗಾವಳಿಗೆ ತಳ್ಳಿದ್ದು ಇದೇ ದಾರಿಯಲ್ಲಿ, ಕುಮಟಾ ಅಂಕೋಲಾ ನಡುವೆ. ಅದೇ ವರ್ಷ ಆಗಸ್ಟಿನಲ್ಲಿ ಬಿದ್ದ ಕಾಳಿ ಹಳೇ ಸೇತುವೆ ಕಾರವಾರದಾಚೆ, ಗೋವಾ ಕಡೆ. ಶಿರಸಿಯಿಂದ ಬರುವವರಿಗೆ ಅದು ಅಡ್ಡ ಬರುವುದಿಲ್ಲ, ಸುಮ್ಮನೆ ಗಾಬರಿ ಬೇಡ.

ಇನ್ನು ಯಾವುದಕ್ಕೆ ಕಾರವಾರ, ಯಾವುದಕ್ಕೆ ಬೇಡ. ಜಿಲ್ಲಾಧಿಕಾರಿ, ಜಿಲ್ಲಾ ಪಂಚಾಯಿತಿ, ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ನ್ಯಾಯಾಲಯ, ಸರ್ಕಾರಿ ವೈದ್ಯಕೀಯ ಕಾಲೇಜು ಕಾರವಾರದಲ್ಲಿ. ಆದರೆ ಮೇಷ್ಟ್ರೇ, ನಿಮ್ಮ ಇಲಾಖೆಗೆ ಶಿರಸಿಯೇ ಬೇರೆ ಶೈಕ್ಷಣಿಕ ಜಿಲ್ಲೆ, ಉಪನಿರ್ದೇಶಕರ ಕಚೇರಿ ಅಲ್ಲೇ ಇದೆ. ಉಪವಿಭಾಗಾಧಿಕಾರಿ, ಕೆನರಾ ಅರಣ್ಯ ವೃತ್ತದ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿ, ವಾಯವ್ಯ ಸಾರಿಗೆಯ ವಿಭಾಗೀಯ ಕಚೇರಿ, ಕೆಡಿಸಿಸಿ (ಕೆನರಾ ಜಿಲ್ಲಾ ಕೇಂದ್ರ ಸಹಕಾರಿ) ಬ್ಯಾಂಕಿನ ಪ್ರಧಾನ ಕಚೇರಿ, ಕೆಎ 31ರ ಸಾರಿಗೆ ಕಚೇರಿ ಎಲ್ಲವೂ ಶಿರಸಿ. ಗದಗದ ಗಾಡಿಯ ವಿಳಾಸ ಬದಲಿಸಲು ಘಟ್ಟ ಇಳಿಯಬೇಕಿಲ್ಲ.

ಘಟ್ಟದಂಚು:
ಇಷ್ಟಿದ್ದರೂ ಜಿಲ್ಲಾಕೇಂದ್ರ 12 ತಾಲೂಕಿನ ಜಿಲ್ಲೆಯ ತೀರ ಒಂದು ಮೂಲೆಯಲ್ಲಿದೆ. ಬನವಾಸಿ ಹೋಬಳಿಯವರು ಒಂದು ಸಹಿಗೆ 140 ಕಿ.ಮೀ. ಮೇಲ್ಪಟ್ಟು ಹೋಗಬೇಕು. ಘಟ್ಟದ ಮೇಲಿನವರು ಪ್ರತ್ಯೇಕ ಜಿಲ್ಲೆ ಕೇಳುವುದು ಇದಕ್ಕೆ, ನನ್ನ ಮಟ್ಟಿಗೆ ನ್ಯಾಯದ ಬೇಡಿಕೆ.

ಕಡಲ ಕಡೆಯವ:
ಆ ಚರ್ಚೆಗೆ ಬೇರೆ ಎಳೆ ತೆರೆಯೋಣ ಮಾರಾಯ್ರೇ, ಮೇಷ್ಟ್ರಿಗೆ ಮೊದಲು ಮನೆ ಆಗಲಿ. ತುರ್ತು ಚಿಕಿತ್ಸೆಯ ವಿಷಯ ಮಾತ್ರ ಹೇಳಬೇಕು. ಶಿರಸಿಯಲ್ಲಿ ಸರ್ಕಾರಿ, ಖಾಸಗಿ ಆಸ್ಪತ್ರೆಗಳಿವೆ. ದೊಡ್ಡ ಹೃದಯ, ನರದ ತೊಂದರೆಗೆ ಹುಬ್ಬಳ್ಳಿಗೆ ಕಳಿಸುತ್ತಾರೆ, ಸುಮಾರು 100 ಕಿ.ಮೀ., ಘಟ್ಟವಿಲ್ಲದ ದಾರಿ. ತಾಯಿಯವರ ಔಷಧಿ ಹದಿನೈದು ದಿನದ್ದು ಯಾವಾಗಲೂ ಮನೆಯಲ್ಲಿರಲಿ.

ಮುರುಗಲು:
ಅಡುಗೆಮನೆ, ಬಟ್ಟೆ ಬಗ್ಗೆ ಯಾರೂ ಬರೆಯಲಿಲ್ಲವಲ್ಲ. ದಿನ ಕಳೆಯುವುದು ಅಲ್ಲೇ.

ನಿಮ್ಮ ಮನೆಯಲ್ಲಿ ಜೋಳದ ರೊಟ್ಟಿ ಇರುತ್ತದೆ. ಜೋಳದ ಹಿಟ್ಟು ತಿಂಗಳಿಗಾಗುವಷ್ಟು ಬೀಸಿ ತರಬೇಡಿ. ಇಲ್ಲಿಯ ತೇವಕ್ಕೆ ಹಿಟ್ಟು ಗಂಟಾಗಿ ಮುಗ್ಗು ಹಿಡಿಯುತ್ತದೆ, ರೊಟ್ಟಿ ಕಹಿಯಾಗುತ್ತದೆ, ತಟ್ಟುವಾಗ ಹರಿಯುತ್ತದೆ. ಕಾಳಾಗಿ ತಂದಿಟ್ಟು ವಾರಕ್ಕೊಮ್ಮೆ ಬೀಸಿಸಿ. ಜೋಳ, ಬೇಳೆ, ರವೆ, ಮೆಣಸಿನಕಾಯಿ ಮೇ ಬಿಸಿಲಿನಲ್ಲಿ ಎರಡು ದಿನ ಒಣಗಿಸಿ, ಸಂಜೆ ಪೂರ್ತಿ ತಣಿದ ಮೇಲೆ ಡಬ್ಬಿಗೆ ತುಂಬಿ. ಬಿಸಿ ಇರುವಾಗಲೇ ಮುಚ್ಚಿದರೆ ಮುಚ್ಚಳದ ಒಳಗೆ ಬೆವರು ಇಳಿದು ಮೇಲಿನ ಪದರ ಬೂಷ್ಟು ಕಟ್ಟುತ್ತದೆ. ಉಪ್ಪು, ಬೆಲ್ಲಕ್ಕೆ ಗಾಜು ಅಥವಾ ಭರಣಿ. ಜೋನಿಬೆಲ್ಲ (ನೀರಾಗಿರುವ ಬೆಲ್ಲ) ಆಲೆಮನೆ ಹೊತ್ತಿನಲ್ಲಿ, ಜನವರಿಯಿಂದ ಮಾರ್ಚ್ ಒಳಗೆ ತೆಗೆದಿಡಿ. ಮೀನು ತಿನ್ನುವವರಾದರೆ ಜೂನ್ 1ರಿಂದ ಜುಲೈ 31ರ ತನಕ ಯಾಂತ್ರಿಕ ಮೀನುಗಾರಿಕೆ ಬಂದ್. ಘಟ್ಟ ಹತ್ತಿ ಬರುವುದು ಕಡಿಮೆಯಾಗಿ ಬೆಲೆ ಏರುತ್ತದೆ, ಜನ ಒಣಮೀನು ಮೇನಲ್ಲೇ ಕಟ್ಟಿಟ್ಟುಕೊಳ್ಳುತ್ತಾರೆ.

ಬಟ್ಟೆಗೆ: ದಪ್ಪ ಜೀನ್ಸು, ಟರ್ಕಿ ಟವೆಲು ಜುಲೈಯಲ್ಲಿ ಮೂರು ದಿನಕ್ಕೂ ಒಣಗುವುದಿಲ್ಲ. ತೆಳು ಪಂಚೆ, ಹತ್ತಿ ಪಾಲಿಯೆಸ್ಟರ್ ಬೆರಕೆ ಇರಲಿ. ಮಕ್ಕಳಿಗೆ ಸಮವಸ್ತ್ರ ಮೂರು ಜೊತೆ ಬೇಕು. ಶೂಗೆ ಬದಲು ಪ್ಲಾಸ್ಟಿಕ್ ಚಪ್ಪಲಿಗೆ ಶಾಲೆಯಲ್ಲಿ ಒಪ್ಪಿಗೆಯಿದೆಯೇ ಕೇಳಿ. ಬಚ್ಚಲಲ್ಲಿ ಕಟ್ಟಿಗೆಯ ಹಂಡೆ ಒಲೆ ಇರುವ ಮನೆ ಸಿಕ್ಕರೆ ಪುಣ್ಯ. ನೀರೂ ಕಾಯುತ್ತದೆ, ಮೇಲೆ ಕಟ್ಟಿದ ತಂತಿಯಲ್ಲಿ ಬಟ್ಟೆಯೂ ಆರುತ್ತದೆ. ಕಟ್ಟಿಗೆ ಮೇ ಮುಗಿಯುವುದರೊಳಗೆ ಮಾಡಿನ ಕೆಳಗೆ ಬರಬೇಕು. ಪುಸ್ತಕ, ಚರ್ಮದ ಚೀಲ, ಬೆಲ್ಟು ಇಟ್ಟ ಕಪಾಟಿನಲ್ಲಿ ಅಗಲ ಬಾಯಿಯ ಡಬ್ಬಿಯಲ್ಲಿ ಅರ್ಧ ಮಟ್ಟ ಸುಟ್ಟ ಸುಣ್ಣದ ಹರಳು ಇಡಿ, ಮಕ್ಕಳ ಕೈಗೆ ಸಿಗದಂತೆ. ತೇವ ಹೀರಿ ಪುಡಿಯಾದ ಮೇಲೆ ಬದಲಿಸಿ. ಪುಡಿ ಉಬ್ಬುತ್ತದೆ, ಅದಕ್ಕೇ ಪೂರ್ತಿ ತುಂಬಬಾರದು.

ಬಯಲುಸೀಮೆ ಮೇಷ್ಟ್ರು:
ಭಾಳ ಉಪಕಾರ ಆತು ಅಕ್ಕಾವ್ರ. ಜೋಳದ ಮಾತು ಅವ್ವಗ ಓದಿ ಹೇಳಿದೆ. ಕರೆಂಟು, ಮತ್ತ ಉಂಬಳ (ಜಿಗಣಿ), ಮಂಗನ ಕಾಯಿಲೆ ಅಂತಾರಲ್ಲ, ಅದನ್ನೂ ತಿಳಿಸ್ರಿ. ಜಾತ್ರಿ ಯಾವಾಗ?

ಸಂಕದಾಚೆ:
ಕರೆಂಟು: ಲೈನು ಕಾಡಿನೊಳಗಿಂದ ಬರುತ್ತದೆ, ಮರ ಬಿದ್ದರೆ ಹುಡುಕಿ ಕಡಿಯುವ ತನಕ ಇಲ್ಲ. ಪೇಟೆಯಲ್ಲಿ ತಾಸುಗಳ ಲೆಕ್ಕ, ಹಳ್ಳಿಯಲ್ಲಿ ದಿನಗಳ ಲೆಕ್ಕ. 150 ಆ್ಯಂಪಿಯರ್ ಅವರ್ ಬ್ಯಾಟರಿ ಅಂದರೆ 1800 ವ್ಯಾಟ್ ಅವರ್, ಕೈಗೆ ಸಿಗುವುದು 1200ರ ಸುಮಾರು. ಐದು ಎಲ್ಇಡಿ, ಎರಡು ಫ್ಯಾನು, ಒಂದು ರೌಟರ್ ಸೇರಿ 200 ವ್ಯಾಟ್ ಆದರೆ ಆರು ತಾಸು. ಮಿಂಚು ಜೋರು ಏಪ್ರಿಲ್ ಮೇ ಮತ್ತು ಅಕ್ಟೋಬರಿನಲ್ಲಿ. ಗುಡುಗು ದೂರ ಇರುವಾಗಲೇ ಟಿವಿ, ರೌಟರ್ ಪ್ಲಗ್ ಕಿತ್ತಿಡಿ, ಸ್ವಿಚ್ ಆರಿಸಿದರೆ ಸಾಲದು.

ಚಾಲಿ ಅಟ್ಟ:
ಉಂಬಳ ಕಚ್ಚಿದರೆ ಎಳೆಯಬೇಡಿ, ಉಪ್ಪೋ ಸುಣ್ಣವೋ ತಾಗಿಸಿದರೆ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಒಸರುತ್ತದೆ, ಒತ್ತಿ ಹಿಡಿದರೆ ಸಾಕು, ಅಪಾಯವಿಲ್ಲ. ಮಂಗನ ಕಾಯಿಲೆ ಬೇರೆಯೇ. ಅದು ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಜ್ವರ, ಡಿಸೆಂಬರಿನಿಂದ ಮೇ ತನಕ, ನಮ್ಮ ಜಿಲ್ಲೆಯಲ್ಲಿ ಹೆಚ್ಚು ಸಿದ್ದಾಪುರ ಕಡೆ. ಆ ತಿಂಗಳುಗಳಲ್ಲಿ ಮಕ್ಕಳ ಜೊತೆ ಕಾಡು ಹೊಗಬೇಡಿ. ಹೋಗಲೇಬೇಕಾದರೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಡೆಪಾ ತೈಲ ಕೈಕಾಲಿಗೆ ಹಚ್ಚಿ, ಬಂದ ಕೂಡಲೇ ಬಿಸಿನೀರು ಸ್ನಾನ, ಬಟ್ಟೆ ಬಿಸಿನೀರಿಗೆ. ಮಂಗ ಸತ್ತದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಗೆ ತಿಳಿಸಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ನೋವಿನ ಮಾತ್ರೆ ನೀವಾಗಿ ನುಂಗದೆ ವೈದ್ಯರಿಗೆ ಕಾಡಿಗೆ ಹೋಗಿದ್ದನ್ನೂ ಹೇಳಿ.

ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, 2022, 2024, 2026 ಹೀಗೆ ಸಮಸಂಖ್ಯೆಯ ವರ್ಷ, ಫೆಬ್ರವರಿ ಮಾರ್ಚ್ ಹೊತ್ತಿಗೆ. ಗದ್ದುಗೆ ಬಿಡಕಿಬೈಲಿನಲ್ಲಿ, ಅಷ್ಟೂ ದಿನ ಸುತ್ತಲಿನ ರಸ್ತೆಗೆ ಗಾಡಿ ಬಿಡುವುದಿಲ್ಲ. ಅಲ್ಲಿ ಮನೆ ಮಾಡಿದರೆ ಸಿಲಿಂಡರು, ಅಕ್ಕಿ ಮುಂಚೆಯೇ ಒಳಗಿರಲಿ, ನೆಂಟರು ಬರುವುದು ಖಂಡಿತ. ಜಾತ್ರೆ ಇಲ್ಲದ ವರ್ಷ ಹೋಳಿ ಹೊತ್ತಿಗೆ ರಾತ್ರಿ ಬೇಡರವೇಷ, ಬೇಡನ ವೇಷ ಕಟ್ಟಿ ಬೀದಿಯಲ್ಲಿ ಕುಣಿಯುವುದು. ಮಕ್ಕಳಿಗೆ ತಪ್ಪದೆ ತೋರಿಸಿ.

ಹೆಂಚಿನ ಮಾಡು:
ಮೇಷ್ಟ್ರೇ, ಸಾಮಾನಿನ ಗಾಡಿ ಮೃಗಶಿರಕ್ಕೆ ಮುಂಚೆ, ಮೇ 25ರೊಳಗೆ ತನ್ನಿ. ಹುಬ್ಬಳ್ಳಿ ಕಡೆಯಿಂದ ಬನ್ನಿ, ಘಟ್ಟ ಸಿಗುವುದಿಲ್ಲ. ಹಾಸಿಗೆಗೆ ಪ್ಲಾಸ್ಟಿಕ್ ಸುತ್ತಿ ತಂದರೆ ಬಂದ ದಿನವೇ ಬಿಚ್ಚಿ, ಒಳಗೇ ತೇವ ಕೂತರೆ ಬೂಷ್ಟು. ಕಪಾಟು, ಮಂಚ ಗೋಡೆಗೆ ತಾಗಿಸದೆ ಮೂರು ನಾಲ್ಕು ಇಂಚು ಬಿಡಿ, ಮರದ ಕಾಲಿಗೆ ಚೂರು ಟೈಲ್ಸ್ ಕೊಡಿ. ಅಕ್ಕಿ ಮೂಟೆ ನೆಲಕ್ಕಿಡಬೇಡಿ, ಮಣೆ ಮೇಲೆ. ಮರದ ಬಾಗಿಲು ಜುಲೈಯಲ್ಲಿ ಉಬ್ಬಿ ಹಾಕಲು ಬರುವುದಿಲ್ಲ ಅಂತ ಆಗಲೇ ಕೆತ್ತಿಸಬೇಡಿ, ಜನವರಿಯಲ್ಲಿ ಕುಗ್ಗಿ ಸಂದಿ ಬೀಳುತ್ತದೆ. ಅಂಚಿಗೆ ಮೇಣ ತಿಕ್ಕಿ, ಮಳೆಗಾಲ ಅಷ್ಟರಲ್ಲೇ ಕಳೆಯುತ್ತದೆ. ಮನೆ ಗೊತ್ತಾದ ಮೇಲೆ ಹಿಂದಿನ ಧರೆಯ ಫೋಟೊ, ಪಶ್ಚಿಮದ ಗೋಡೆಯ ಫೋಟೊ ಇಲ್ಲೇ ಹಾಕಿ, ಮುಂಗಡ ಕೊಡುವ ಮೊದಲು ನೋಡಿ ಹೇಳುತ್ತೇವೆ.